ಹಳೆಯ ಗಾಳಿದೋಣಿಯ ತಳ ಬಿಟ್ಟುಕೊಂಡಿದೆ: ಮತ್ತೆ ಅಂಟಿಸಬಹುದೇ?

ಅಟ್ಟದ ದೋಣಿ

ಗಾಳಿ ತುಂಬುವ ಹಳೆಯ ದೋಣಿಯೊಂದು ನನ್ನ ಪಾಲಿಗೆ ಬಂದಿದೆ. ಮೂರು ಮೀಟರ್‌ಗೆ ತುಸು ಹೆಚ್ಚು ಉದ್ದ, ವಯಸ್ಸು ಇಪ್ಪತ್ತರ ಆಸುಪಾಸು. ಕೊನೆಯ ಎಂಟು ವರ್ಷ ಅಟ್ಟದ ಮೇಲೆ ಮಡಚಿದಂತೆಯೇ ಬಿದ್ದಿತ್ತು. ಇಳಿಸಿ, ಧೂಳು ಕೊಡವಿ, ಗಾಳಿ ತುಂಬಿದಾಗ ಕಂಡದ್ದು ಇಷ್ಟು: ಕೊಳವೆಗಳು ಉಬ್ಬಿ ನಿಲ್ಲುತ್ತವೆ, ಆದರೆ ಬಲಗಡೆಯದು ಬೆಳಗಾಗುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಹಿಂಭಾಗದಲ್ಲಿ ತಳದ ಬಟ್ಟೆ ಕೊಳವೆಯಿಂದ ಒಂದು ಮೀಟರ್‌ನಷ್ಟು ಉದ್ದಕ್ಕೆ ಬಿಟ್ಟುಕೊಂಡಿದೆ. ಸಂದಿಯಲ್ಲಿ ಅಂಗೈ ತೂರಿಸಬಹುದು. ಹಗ್ಗ ಕಟ್ಟುವ ಬಳೆಯೊಂದು ಹಿಡಿದೆಳೆದಾಗ ತನ್ನ ತೇಪೆಯ ಸಮೇತ ಕೈಗೇ ಬಂತು.

ಚಪ್ಪಲಿಗೆ ಹಾಕುವ ಅಂಟು ಮನೆಯಲ್ಲಿತ್ತು. ತಳಕ್ಕೆ ಅದನ್ನೇ ಧಾರಾಳವಾಗಿ ಬಳಿದು, ಮೇಲೆ ಕಲ್ಲು ಹೇರಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಕಬ್ಬಿಣದಂತೆ ಹಿಡಿದಿತ್ತು. ಗಾಳಿ ತುಂಬುತ್ತಿದ್ದಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಪರ್ರೆಂದು ಬಿಚ್ಚಿಕೊಂಡಿತು. ಕೊಟ್ಟವರು ಇದು ರಬ್ಬರ್ ದೋಣಿ ಎಂದಿದ್ದರು. ಹಾಗಾದರೆ ರಬ್ಬರಿನ ಅಂಟನ್ನೇ ತರಬೇಕೇ? ಅಥವಾ ಇದರ ಆಯುಸ್ಸು ಮುಗಿಯಿತೇ?

ಹುಟ್ಟುಗೋಲು

ಅಂಟಿನ ಮಾತು ಆಮೇಲೆ. ಮೊದಲು ಬಟ್ಟೆ ಯಾವುದೆಂದು ತಿಳಿಯಿರಿ. ಗಾಳಿ ತುಂಬುವುದನ್ನೆಲ್ಲ ಜನ ರಬ್ಬರ್ ದೋಣಿ ಎನ್ನುತ್ತಾರೆ, ಆ ಮಾತಿಗೆ ಬೆಲೆಯಿಲ್ಲ. ಇಂಥ ದೋಣಿಗಳ ಬಟ್ಟೆ ಬಹುಮಟ್ಟಿಗೆ ಎರಡರಲ್ಲಿ ಒಂದು. ಪಾಲಿಯೆಸ್ಟರ್ ನೇಯ್ಗೆಗೆ ಪಿವಿಸಿ ಲೇಪಿಸಿದ್ದು ಒಂದು. ನೇಯ್ಗೆಯ ಹೊರಮೈಗೆ ಹೈಪಲಾನ್, ಒಳಮೈಗೆ ನಿಯೋಪ್ರೀನ್ ಲೇಪಿಸಿದ್ದು ಇನ್ನೊಂದು. ಇವೆರಡೂ ಕೃತಕ ರಬ್ಬರುಗಳು; ಹೈಪಲಾನ್ ಎಂಬುದು ಡ್ಯುಪಾಂಟ್ ಕಂಪನಿ ಇಟ್ಟ ಹೆಸರು. ಅವರು 2010ರಲ್ಲಿ ತಯಾರಿಕೆ ನಿಲ್ಲಿಸಿದರು. ಅದೇ ಜಾತಿಯ ರಬ್ಬರನ್ನು ಈಗ ಬೇರೆಯವರು ಮಾಡುತ್ತಾರೆ, ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ. ಪಿವಿಸಿಗೆ ಪಾಲಿಯುರೆಥೇನ್ ಅಂಟು, ಹೈಪಲಾನ್‌ಗೆ ನಿಯೋಪ್ರೀನ್ ಅಂಟು, ಎರಡೂ ಹಾರ್ಡನರ್ (ಅಂಟನ್ನು ಗಟ್ಟಿಯಾಗಿಸುವ ದ್ರವ) ಬೆರೆಸುವ ಬಗೆಯವು. ಅದಲುಬದಲಾದರೆ ಈಗ ಆದದ್ದೇ ಮತ್ತೆ ಆಗುತ್ತದೆ.

ಕಂಡುಹಿಡಿಯುವುದು ಕಷ್ಟವಲ್ಲ. ಬಿಟ್ಟುಬಂದ ಆ ಬಳೆಯ ತೇಪೆಯ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ. ಒಣ ಪುಡಿ ಉದುರಿದರೆ ಹೈಪಲಾನ್. ಪುಡಿಯಾಗದೆ ಮೈ ಹೊಳಪುಗಟ್ಟಿದರೆ, ಇಲ್ಲವೇ ಚೂರು ಚೂರಾಗಿ ಸುರುಳಿ ಸುತ್ತಿದರೆ ಪಿವಿಸಿ. ಅನುಮಾನ ಉಳಿದರೆ ಕಣ್ಣಿಗೆ ಬೀಳದ ಜಾಗದಲ್ಲಿ ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ, ಬೆರಳಿಟ್ಟು ನೋಡಿ. ಪಿವಿಸಿ ಜಿಗುಟಾಗುತ್ತದೆ, ಹೈಪಲಾನ್‌ಗೆ ಅಸಿಟೋನ್ ಲೆಕ್ಕಕ್ಕೇ ಇಲ್ಲ.

ಅರೆಗಾಳಿ

ಇಷ್ಟೆಲ್ಲ ಪರೀಕ್ಷೆ ಯಾಕೆ ಸ್ವಾಮಿ? ನನ್ನದಕ್ಕೂ ಹೀಗೇ ಆಗಿತ್ತು. ಸ್ನಾನದ ಮನೆಯ ಸಂದಿಗೆ ತುಂಬುವ ಸಿಲಿಕೋನ್ ತಂದು ಸುತ್ತಲೂ ಹಚ್ಚಿದೆ. ಎರಡು ತಿಂಗಳು ಒಂದು ಹನಿ ನೀರು ಒಳಗೆ ಬರಲಿಲ್ಲ.

ಹುಟ್ಟುಗೋಲು

ಮೂರನೆಯ ತಿಂಗಳು ಏನಾಯಿತು ಎಂಬುದನ್ನೂ ಬರೆಯಿರಿ.

ಅರೆಗಾಳಿ

ಅದು ಬೇಡ ಬಿಡಿ. ಆ ದೋಣಿ ಈಗ ಸೌದೆ ರಾಶಿಗೆ ಹೊದಿಕೆಯಾಗಿದೆ.

ದ್ರಾವಕ

ನಗುವ ವಿಷಯವಾದರೂ ಹೊಸಬರು ಗಮನಿಸಬೇಕು. ಸಿಲಿಕೋನ್ ಹಿಡಿದ ಮೈಯ ಮೇಲೆ ಬೇರೆ ಯಾವ ಅಂಟೂ ನಿಲ್ಲುವುದಿಲ್ಲ, ಸುಲಭಕ್ಕೆ ಅದು ತೊಳೆದು ಹೋಗುವುದೂ ಇಲ್ಲ. ಹೊಳಪು ಬರಲೆಂದು ಸಿಂಪಡಿಸುವ ಸ್ಪ್ರೇಗಳಲ್ಲಿಯೂ ಸಿಲಿಕೋನ್ ಇರುವುದುಂಟು. ಹಳೆಯ ಮಾಲೀಕರು ಪ್ರೀತಿಯಿಂದ ಒರೆಸಿ ಒರೆಸಿ ಮಿನುಗಿಸಿದ ದೋಣಿಯೇ ದುರಸ್ತಿಗೆ ಅತಿ ಕಷ್ಟ.

ಚಪ್ಪಲಿಯ ಅಂಟು ಯಾಕೆ ಕೈಕೊಟ್ಟಿತು ಎಂಬುದಕ್ಕೂ ಕಾರಣವಿದೆ. ಪಿವಿಸಿ ಹುಟ್ಟಾ ಗಡಸು ಪದಾರ್ಥ. ಅದನ್ನು ಬಟ್ಟೆಯಂತೆ ಬಳುಕಿಸಲು ಎಣ್ಣೆಯಂಥ ಮೆದುಕಾರಕ ಸೇರಿಸಿರುತ್ತಾರೆ. ವರ್ಷಗಳು ಕಳೆದಂತೆ ಅದು ಮೆಲ್ಲನೆ ಮೇಲ್ಮೈಗೆ ಬರುತ್ತದೆ. ಹಳೆಯ ದೋಣಿ ಮುಟ್ಟಿದರೆ ಜಿಡ್ಡುಜಿಡ್ಡು ಎನಿಸುವುದು ಅದರಿಂದಲೇ. ಸಾಮಾನ್ಯ ಅಂಟಿನೊಳಕ್ಕೂ ಅದು ಇಳಿದು, ಅಂಟನ್ನೇ ಮೆತ್ತಗೆ ಮಾಡುತ್ತದೆ. ಹಾರ್ಡನರ್ ಬೆರೆತು ಗಟ್ಟಿಯಾದ ಪಾಲಿಯುರೆಥೇನ್ ಇದನ್ನು ತಡೆದುಕೊಳ್ಳುತ್ತದೆ.

ಅಟ್ಟದ ದೋಣಿ

ಉಜ್ಜಿ ನೋಡಿದೆ, ಪುಡಿ ಬರಲಿಲ್ಲ. ಅಸಿಟೋನ್ ಹಚ್ಚಿದಲ್ಲಿ ಬೆರಳು ಅಂಟಿಕೊಂಡಿತು. ಅಲ್ಲಿಗೆ ಪಿವಿಸಿ. ರಬ್ಬರಿನ ಅಂಟು ತರಲು ಹೊರಟಿದ್ದವನು ನಿಂತೆ. ಈಗ ತಳದ ಅಂಚಿನಲ್ಲಿ ಎರಡು ಬಗೆಯ ಅಂಟು ಕೂತಿದೆ: ಮೂಲದ್ದು ಕಂದು ಬಣ್ಣಕ್ಕೆ ತಿರುಗಿ ಹಪ್ಪಳೆಯಾಗಿ ಏಳುತ್ತಿದೆ, ಅದರ ಮೇಲೆ ನನ್ನ ಚಪ್ಪಲಿ ಅಂಟು. ಇದನ್ನೆಲ್ಲ ತೆಗೆಯಲೇಬೇಕೇ, ಮೇಲೆಯೇ ಹಚ್ಚಬಹುದೇ?

ದ್ರಾವಕ

ತೆಗೆಯಲೇಬೇಕು. ಹೊಸ ಅಂಟು ಹಳೆಯದನ್ನು ಹಿಡಿದುಕೊಳ್ಳುತ್ತದೆ, ಹಳೆಯದು ಬಟ್ಟೆಯನ್ನು ಬಿಡುತ್ತದೆ. ಪಾಯವಿಲ್ಲದ ಗೋಡೆಗೆ ಸುಣ್ಣ ಬಳಿದಂತೆ.

ಪಿವಿಸಿಗೆ ಎಂಇಕೆ ಎಂಬ ದ್ರಾವಕ ಒಳ್ಳೆಯದು, ಅದಿಲ್ಲದಿದ್ದರೆ ಅಸಿಟೋನ್. ಬಟ್ಟೆಗೆ ಅದ್ದಿ, ಅಂಗೈಯಗಲ ಜಾಗಕ್ಕೆ ಒತ್ತಿ, ಅಂಟು ಮೆದುವಾದಾಗ ಹೆಬ್ಬೆರಳಿನಿಂದ ಉರುಳಿಸಿ ತೆಗೆಯಿರಿ. ರಬ್ಬರಿನಿಂದ ಪೆನ್ಸಿಲ್ ಗೀಟು ಉಜ್ಜಿದಂತೆ ಸುರುಳಿಯಾಗಿ ಏಳುತ್ತದೆ. ದ್ರಾವಕವನ್ನು ಸುರಿದು ನೆನೆಹಾಕಬೇಡಿ, ಅದು ಪಿವಿಸಿಯನ್ನೂ ತಿನ್ನುತ್ತದೆ. ಬಿಳಿ ಬಟ್ಟೆಯೇ ಇರಲಿ. ಬಣ್ಣದ ಬಟ್ಟೆಯ ಬಣ್ಣವೂ ಕರಗಿ ಅಂಟಿನ ಜಾಗಕ್ಕೆ ಸೇರುತ್ತದೆ. ಲೇಪ ಸವೆದು ನೇಯ್ಗೆಯ ಎಳೆ ಕಂಡರೆ ಅಲ್ಲಿಗೆ ಕೈ ನಿಲ್ಲಿಸಿ.

ಇನ್ನೊಂದು ಮಾತು, ಇದನ್ನು ದಾಟಿಸಿ ಓದಬೇಡಿ. ಈ ದ್ರಾವಕಗಳ ಆವಿ ನೆಲದ ಮೇಲೆ ಹರಿದು ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಲಸ ಬೇಡ. ಹಾರ್ಡನರ್‌ನಲ್ಲಿರುವುದು ಐಸೊಸಯನೇಟ್, ಒಮ್ಮೆ ದೇಹಕ್ಕೆ ಒಗ್ಗದೆ ಹೋದರೆ ಮುಂದೆ ಅದರ ಗಾಳಿ ಸೋಕಿದರೂ ಉಸಿರುಕಟ್ಟುವಂತಾಗಬಹುದು. ತೆಳು ಕೈಗವಸು ಎಂಇಕೆ ಎದುರು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಆಗಾಗ ಬದಲಿಸಿ.

ಮೂರನೇ ತೇಪೆ

ನನ್ನ ದೋಣಿಯ ತಳವನ್ನು ನಾನೇ ಎರಡು ಬಾರಿ ಅಂಟಿಸಿದ್ದೇನೆ. ಮೊದಲ ಬಾರಿ ಹಾಳುಮಾಡಿದ್ದರಿಂದ ಎರಡನೆಯದು. ಅಂಟು ಚೆನ್ನಾಗಿಯೇ ಹಿಡಿದಿತ್ತು, ಆದರೆ ಬಟ್ಟೆ ಒಂದು ಬೆರಳಗಲ ಹಿಂದಕ್ಕೆ ಸರಿದು ಕೂತಿತ್ತು. ಗಾಳಿ ತುಂಬಿದರೆ ದೋಣಿ ಬಾಳೆಕಾಯಿಯಂತೆ ಒಂದು ಕಡೆಗೆ ಬಾಗಿತು. ಈ ಅಂಟಿಗೆ ಅಂಟು ತಗುಲಿತೆಂದರೆ ಸರಿಸಿ ಕೂರಿಸುವ ಮಾತೇ ಇಲ್ಲ.

ಹಾಗಾಗಿ ಅಂಟಿನ ಡಬ್ಬಿ ತೆರೆಯುವ ಮೊದಲೇ, ಬಿಟ್ಟ ಭಾಗವನ್ನು ಒಣದಾಗಿ ಜೋಡಿಸಿ ಹಿಡಿದು, ತಳ ಮತ್ತು ಕೊಳವೆ ಎರಡರ ಮೇಲೂ ದಾಟುವಂತೆ ಹತ್ತು ಹತ್ತು ಸೆಂಟಿಮೀಟರ್‌ಗೆ ಪೆನ್ಸಿಲ್ ಗೀಟು ಎಳೆಯಿರಿ. ಅಂಟು ಬರುವ ಜಾಗದ ಹೊರಗೆ ಗೀಟು ಉಳಿಯುವಂತಿರಬೇಕು, ಇಲ್ಲದಿದ್ದರೆ ದ್ರಾವಕ ಅದನ್ನೂ ಒರೆಸಿಬಿಡುತ್ತದೆ (ನನಗೆ ಆಗಿದೆ). ಅಂಟಿನ ಅಂಚಿಗೆ ಕಾಗದದ ಟೇಪು ಹಚ್ಚಿ. ಎರಡೂ ಮೈಗೆ ಅಂಟು ಬಳಿದು ಒಣಗಿದ ಮೇಲೆ ನಡುವೆ ಬೆಣ್ಣೆಕಾಗದದ ತುಂಡುಗಳನ್ನಿಡಿ. ಗೀಟಿಗೆ ಗೀಟು ಕೂಡಿಸಿ, ಒಂದು ತುದಿಯಿಂದ ಕಾಗದವನ್ನು ಗೇಣುಗೇಣಾಗಿ ಹೊರಗೆಳೆಯುತ್ತ, ಎಳೆದಷ್ಟನ್ನು ಒತ್ತುತ್ತ ಸಾಗಿ. ಒತ್ತಲು ಸಣ್ಣ ರೋಲರ್ ಇದ್ದರೆ ಸರಿ, ಇಲ್ಲದಿದ್ದರೆ ಸ್ಟೀಲ್ ಚಮಚದ ಬೆನ್ನು. ಅಂಗೈಯಿಂದ ಸವರಿದರೆ ಸಾಲದು. ಮೈಭಾರ ಬೀಳಬೇಕು, ಕೆಳಗೆ ಗಟ್ಟಿ ಹಲಗೆ ಇರಬೇಕು.

ಕೊಳವೆಯಲ್ಲಿ ಗಾಳಿ ಇರಬೇಕೇ ಬೇಡವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತಳದ ಅಂಚಿಗೆ, ತೂತಿನ ತೇಪೆಗೆ ಗಾಳಿ ಬಿಟ್ಟು ಚಪ್ಪಟೆಯಾಗಿ ಹಾಸಿ ಮಾಡುತ್ತೇನೆ. ಬಳೆ, ಹಿಡಿಕೆಗಳಿಗೆ ಅರ್ಧ ಗಾಳಿ ತುಂಬುತ್ತೇನೆ, ಆಗ ಅವು ಕೊಳವೆಯ ಉರುಟಿಗೇ ಹೊಂದಿ ಕೂರುತ್ತವೆ.

ಹುಟ್ಟುಗೋಲು

ಗೀಟಿನ ಮಾತು ಚಿನ್ನದಂಥದ್ದು. ಆದರೆ ತಳಕ್ಕೂ ನಾನು ಸ್ವಲ್ಪ ಗಾಳಿ ಇಟ್ಟೇ ಮಾಡುವವನು. ಪೂರ್ತಿ ಚಪ್ಪಟೆಯಾಗಿ ಅಂಟಿಸಿದ್ದನ್ನು ಆಮೇಲೆ ಉಬ್ಬಿಸಿದಾಗ ಅಂಚಿನಲ್ಲಿ ಸೆಳೆತ ಏಳುತ್ತದೆ.

ಮೂರನೇ ತೇಪೆ

ಉಬ್ಬಿದ ಕೊಳವೆಯ ಮೇಲೆ ಒತ್ತಿದರೆ ಅದು ಕೆಳಗೆ ತಗ್ಗುತ್ತದೆ, ಒತ್ತಡ ಅಂಟಿಗೆ ಸಿಗುವುದೇ ಇಲ್ಲ. ನಿಮ್ಮ ಕೈಬಲ ಬೇರೆ ಇರಬಹುದು. ಹೊಸಬರಿಗೆ ಹಲಗೆಯೇ ಕ್ಷೇಮ.

ಹುಟ್ಟುಗೋಲು

ಆಗಲಿ, ಹೊಸಬರಿಗೆ ಹಲಗೆ. ಅಂಟಿನ ಲೆಕ್ಕ ಹೇಳಿ ಮುಗಿಸುತ್ತೇನೆ. ಹಾರ್ಡನರ್ ಸಾಮಾನ್ಯವಾಗಿ ತೂಕದಲ್ಲಿ ಶೇ. 5ರ ಆಸುಪಾಸು, ಅಂದರೆ 100 ಗ್ರಾಂ ಅಂಟಿಗೆ 5 ಗ್ರಾಂ; ನಿಮ್ಮ ಡಬ್ಬಿಯ ಮೇಲೆ ಬರೆದದ್ದೇ ಅಂತಿಮ. ಕಣ್ಣಳತೆ ಬೇಡ, ಗ್ರಾಂ ತೂಗುವ ತಕ್ಕಡಿ ಬೇಕು. ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿಯಾಗುತ್ತದೆಂದು ಸುರಿಯುವವರಿದ್ದಾರೆ. ಅಂಥ ಅಂಟು ಪೆಡಸಾಗಿ ಸಿಡಿಯುತ್ತದೆ. ಎರಡೂ ಮೈಗೆ ತೆಳುವಾಗಿ ಒಂದು ಕೈ ಬಳಿಯಿರಿ, ಅರ್ಧ ಗಂಟೆ ಬಿಡಿ. ಎರಡನೆಯ ಕೈ ಬಳಿದು, ಬೆರಳ ಗೆಣ್ಣಿನ ಹಿಂಬದಿಯಿಂದ ಮುಟ್ಟಿ ನೋಡಿ. ಜಿಗುಟಾಗಿರಬೇಕು, ಆದರೆ ಗೆಣ್ಣಿಗೆ ಅಂಟು ಬರಬಾರದು. ಆ ಹೊತ್ತಿಗೆ ಕೂಡಿಸಬೇಕು. ಮೀರಿ ಒಣಗಿತೆನ್ನಿಸಿದರೆ, ಬೆಣ್ಣೆಕಾಗದದ ಉಪಾಯ ಮಾಡುವವರಿಗೆ ಹಾಗೆ ಆಗುವುದೇ ಹೆಚ್ಚು, ಹೀಟ್ ಗನ್ ದೂರದಿಂದ ಆಡಿಸಿ ಬೆಚ್ಚಗೆ ಮಾಡಿದರೆ ಪಾಲಿಯುರೆಥೇನ್ ಮತ್ತೆ ಜಿಗುಟಾಗುತ್ತದೆ. ದ್ರಾವಕದ ಡಬ್ಬಿ, ಒರೆಸಿದ ಬಟ್ಟೆ ಎಲ್ಲ ಆಚೆ ಹೋದ ಮೇಲೆಯೇ ಹೀಟ್ ಗನ್ ಹಚ್ಚಬೇಕು.

ಇಷ್ಟಕ್ಕೆ ಇಳಿಯುವ ಮೊದಲು ಉಳಿದ ಜೋಡಣೆಗಳನ್ನು ಉಗುರಿನಿಂದ ಕೆದಕಿ ನೋಡಿ. ಅಂಟು ಒಂದೇ ದಿನ ಬಳಿದದ್ದು, ಒಂದೇ ಬಿಸಿಲು ಕಂಡದ್ದು. ಕೊಳವೆಯ ಉದ್ದನೆಯ ಜೋಡಣೆ ಬರಿಗೈಯಲ್ಲಿ ಸಿಪ್ಪೆಯಂತೆ ಸುಲಿದು ಬಂದರೆ ದೋಣಿಯ ಕಥೆ ಮುಗಿಯಿತು. ತಳ ಅಂಟಿಸಿ ನೀರಿಗಿಳಿದರೆ ಅದು ದುರಸ್ತಿಯಲ್ಲ, ಸಾಹಸ. ತಳ, ಬಳೆ, ಹಿಡಿಕೆ ಮಾತ್ರ ಬಿಟ್ಟುಕೊಂಡಿದ್ದರೆ ಹೆದರಬೇಕಾಗಿಲ್ಲ.

ಅಟ್ಟದ ದೋಣಿ

ಇಡೀ ದೋಣಿ ಸುತ್ತಿ ಕೆದಕಿದೆ. ಕೊಳವೆಯ ಜೋಡಣೆಗಳು ಅಲುಗುವುದಿಲ್ಲ. ಮುಂದಿನ ಎಡಭಾಗದ ತಳದಲ್ಲಿ ಮಾತ್ರ ಒಂದು ಗೇಣು ಉಗುರಿಗೆ ಏಳುತ್ತದೆ.

ತಳಕ್ಕೆ ಕೈಹಾಕುವ ಮೊದಲು ಅಭ್ಯಾಸಕ್ಕೆಂದು ಬಳೆಯನ್ನು ಅಂಟಿಸಿದೆ. ಹಳೆಯದನ್ನು ತೆಗೆದೆ, ತೂಗಿ ಬೆರೆಸಿದೆ, ಎರಡು ಕೈ ಬಳಿದೆ, ಗೆಣ್ಣಿನಿಂದ ಮುಟ್ಟಿದೆ. ಎರಡು ದಿನ ಬಿಟ್ಟು ಎಳೆದರೆ ಮತ್ತೆ ಕೈಗೆ ಬಂತು. ಆಶ್ಚರ್ಯವೆಂದರೆ ಅಂಟು ಎರಡೂ ಮೈಯಲ್ಲಿ ಗಟ್ಟಿಯಾಗಿ ಕೂತಿದೆ, ಅಂಟಿಗೆ ಅಂಟೇ ಸೇರಿಲ್ಲ. ಮೇಲೆ ಮಂಜು ಕವಿದಂತೆ ಬಿಳಿ ಛಾಯೆ ಇದೆ.

ದ್ರಾವಕ

ಕೆಲಸ ಮಾಡಿದ್ದು ಎಷ್ಟು ಹೊತ್ತಿಗೆ?

ಅಟ್ಟದ ದೋಣಿ

ಸಂಜೆ, ಮಳೆ ಬಿಟ್ಟ ಮೇಲೆ. ಅಂಗಳದಲ್ಲಿ.

ದ್ರಾವಕ

ಅಲ್ಲಿಯೇ ಉತ್ತರವಿದೆ. ದ್ರಾವಕ ಆರುವಾಗ ಮೈಯ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಅಂಗೈಗೆ ಒಂದು ಹನಿ ಅಸಿಟೋನ್ ಬಿದ್ದರೆ ತಣ್ಣಗಾಗುವುದಿಲ್ಲವೇ, ಹಾಗೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತಣ್ಣನೆಯ ಅಂಟಿನ ಮೇಲೆ ಕಣ್ಣಿಗೆ ಕಾಣದಷ್ಟು ಇಬ್ಬನಿ ಕೂರುತ್ತದೆ. ಹಾರ್ಡನರ್ ಅಂಟಿನ ಬದಲು ಆ ನೀರಿನ ಜೊತೆಗೇ ವರ್ತಿಸಿ ಮುಗಿದುಹೋಗುತ್ತದೆ. ನಿಮಗೆ ಕಂಡ ಬಿಳಿ ಛಾಯೆ ಅದೇ. ಗಾಳಿಯ ತೇವಾಂಶ ಶೇ. 60ರ ಒಳಗಿರಲಿ, ಶಾಖ 18ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಉತ್ತಮ. ನೇರ ಬಿಸಿಲೂ ಬೇಡ: ಮೇಲ್ಪದರ ಬೇಗ ಕೆನೆಗಟ್ಟಿ ಒಳಗೆ ದ್ರಾವಕ ಸಿಕ್ಕಿಕೊಳ್ಳುತ್ತದೆ, ಆಮೇಲೆ ಗುಳ್ಳೆಯಾಗಿ ಏಳುತ್ತದೆ. ತೇವಾಂಶ ಅಳೆಯುವ ಪುಟ್ಟ ಮಾಪಕವೊಂದು ಪಕ್ಕದಲ್ಲಿರಲಿ.

ಅಟ್ಟದ ದೋಣಿ

ಐದು ದಿನ ಒಣ ಹವೆಗಾಗಿ ಕಾದೆ. ಮಾಪಕ 52 ತೋರಿಸಿದ ದಿನ ಮನೆಯೊಳಗೆ ಕಿಟಕಿಗಳನ್ನೆಲ್ಲ ತೆರೆದು, ಬಳೆಯನ್ನೂ ತಳವನ್ನೂ ಒಟ್ಟಿಗೆ ಮುಗಿಸಿದೆ. ತಳದ ಸಂದಿಯನ್ನು ಶುಚಿಮಾಡುವಾಗ ಒಂದು ಹಿಡಿ ಮರಳು ಸಿಕ್ಕಿತು. ಬಹುಶಃ ವರ್ಷಗಟ್ಟಲೆ ಅದೇ ಅರೆದು ಅರೆದು ಅಂಚನ್ನು ಬಿಡಿಸಿದೆ. ಬೆಣ್ಣೆಕಾಗದ ಎಳೆಯುವಾಗ ನಡುವೆ ಒಮ್ಮೆ ಹರಿದು ಒಂದು ಚೂರು ಒಳಗೇ ಉಳಿಯಿತು. ಬಿಸಿಮಾಡಿ, ಇಕ್ಕಳದಿಂದ ಹೊರಗೆಳೆದೆ. ಅಷ್ಟು ಬಿಟ್ಟರೆ ಗೀಟುಗಳೆಲ್ಲ ಒಂದಕ್ಕೊಂದು ಕೂಡಿವೆ. ನನ್ನ ಮೊಣಕಾಲುಗಳ ಸ್ಥಿತಿ ಕೇಳಬೇಡಿ.

ಅರೆಗಾಳಿ

ನಾಳೆ ಗಾಳಿ ತುಂಬಿ ಫೋಟೋ ಹಾಕಿ!

ಮೂರನೇ ತೇಪೆ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವರ ಮಾತು ಕೇಳಬೇಡಿ. ಒಂದು ದಿನಕ್ಕೆ ಅಂಟು ಗಟ್ಟಿಯಾದಂತೆ ಕಂಡರೂ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಒಂದು ವಾರ ಮುಟ್ಟದಿರಿ. ತುಂಬುವಾಗಲೂ ಮೊದಲು ಅರ್ಧ, ಆಮೇಲೆ ಪೂರ್ತಿ.

ಅಟ್ಟದ ದೋಣಿ

ಎಂಟನೆಯ ದಿನ. ಅರ್ಧ ತುಂಬಿ ಒಂದು ಗಂಟೆ ಬಿಟ್ಟೆ, ಆಮೇಲೆ ಪೂರ್ತಿ, 0.25 ಬಾರ್ ಒತ್ತಡಕ್ಕೆ. ತಳ ಅಲುಗಲಿಲ್ಲ. ಬಳೆಯನ್ನು ಹಿಡಿದು ದೋಣಿಯ ಮುಂಭಾಗವನ್ನೇ ಎತ್ತಿದೆ, ಅದೂ ಬರಲಿಲ್ಲ. ಆದರೆ ಬಲಗಡೆಯ ಕೊಳವೆ ಬೆಳಿಗ್ಗೆ ಮೊದಲಿನಂತೆಯೇ ಮೆತ್ತಗೆ. ಸಾಬೂನಿನ ನೀರು ಉದ್ದಕ್ಕೂ ಬಳಿದೆ, ಒಂದೂ ಗುಳ್ಳೆಯಿಲ್ಲ. ರಾತ್ರಿಯ ಚಳಿಗೆ ಹೀಗಾಗುತ್ತದೆಯೇ?

ದ್ರಾವಕ

ಸ್ವಲ್ಪ ಮಟ್ಟಿಗೆ ಆಗುತ್ತದೆ. 30 ಡಿಗ್ರಿಯಲ್ಲಿ 0.25 ಬಾರ್ ತುಂಬಿದ ಕೊಳವೆ 20 ಡಿಗ್ರಿಗೆ ತಣಿದರೆ, ಒಂದಿಷ್ಟೂ ಸೋರದೆಯೇ ಒತ್ತಡ 0.21ರ ಹತ್ತಿರಕ್ಕೆ ಬರುತ್ತದೆ. ಆದರೆ ಎಡಗಡೆಯದೂ ಅಷ್ಟೇ ಇಳಿಯಬೇಕಿತ್ತಲ್ಲ?

ಹುಟ್ಟುಗೋಲು

ಹೊರಗೆ ಗುಳ್ಳೆಯಿಲ್ಲದಿದ್ದರೆ ಎರಡು ಸಾಧ್ಯತೆ. ಕೊಳವೆಯ ಅರೆಗಳ (ಬೇರೆ ಬೇರೆಯಾಗಿ ಗಾಳಿ ತುಂಬುವ ಭಾಗಗಳ) ನಡುವಿನ ಒಳಪರದೆ ಬಿಟ್ಟಿರಬಹುದು, ಇಲ್ಲವೇ ವಾಲ್ವ್ ಸೋರುತ್ತಿರಬಹುದು. ಬಲಗಡೆಯದನ್ನು ಮಾತ್ರ ತುಂಬಿ, ಪಕ್ಕದ ಅರೆಗಳನ್ನು ಪೂರ್ತಿ ಖಾಲಿ ಮಾಡಿ ಮುಚ್ಚಿಡಿ. ಅವು ತಾವಾಗಿ ಉಬ್ಬಿದರೆ ಪರದೆ ಹೋಗಿದೆ ಎಂದರ್ಥ. ಅದು ಕೊಳವೆ ಕೊಯ್ದು ಮಾಡುವ ಕೆಲಸ, ನಾನಾದರೆ ಮುಟ್ಟುವುದಿಲ್ಲ. ಅದಕ್ಕೂ ಮುಂಚೆ, ನೀವು ಸಾಬೂನು ನೀರು ಹಾಕಿದಾಗ ವಾಲ್ವಿನ ಮುಚ್ಚಳ ಹಾಕಿತ್ತೇ, ತೆಗೆದಿತ್ತೇ?

ಅಟ್ಟದ ದೋಣಿ

ಹಾಕಿತ್ತು.

ಈಗ ತೆಗೆದು ನೋಡಿದೆ. ವಾಲ್ವಿನ ಬಾಯಿಗೆ ನೊರೆ ಹಾಕಿದ ಕ್ಷಣದಲ್ಲಿ ಗುಳ್ಳೆ ಏಳಲು ಶುರುವಾಯಿತು. ಬಿಚ್ಚಿದರೆ ಒಳಗಿನ ರಬ್ಬರ್ ಬಿಲ್ಲೆಯ ಕೆಳಗೆ ಒಂದೇ ಒಂದು ಮರಳಿನ ಕಣ. ತೊಳೆದು ಹಾಕಿದೆ. ಎರಡು ರಾತ್ರಿ ಕಳೆಯಿತು, ಎಡಕ್ಕೂ ಬಲಕ್ಕೂ ವ್ಯತ್ಯಾಸವಿಲ್ಲ.

ಇನ್ನು ಉಳಿದದ್ದು ಮುಂದಿನ ಎಡಭಾಗದ ಆ ಒಂದು ಗೇಣು. ಬೆರೆಸಿದ ಅಂಟು ಸ್ವಲ್ಪ ಡಬ್ಬಿಯಲ್ಲಿದೆ, ಹಾರ್ಡನರ್ ಸೀಸೆಯಲ್ಲಿಯೂ ಅರ್ಧ ಉಳಿದಿದೆ. ಅದನ್ನೇ ಬಳಸಬಹುದೇ?

ದ್ರಾವಕ

ಬೆರೆಸಿದ್ದು ಅದೇ ದಿನ ಕೆಲವು ಗಂಟೆಗಳಲ್ಲಿ ಸತ್ತಿತು. ತೆರೆದ ಹಾರ್ಡನರ್ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ: ಮಸುಕಾಗಿದ್ದರೆ, ತಳದಲ್ಲಿ ಗಸಿ ಕಂಡರೆ ತೇವ ಕುಡಿದಿದೆ. ತಿಳಿಯಾಗಿ ಕಂಡರೂ ಒಂದು ಗೇಣಿಗಾಗಿ ಅದನ್ನು ನಂಬಬೇಡಿ, ಹೊಸ ಸಣ್ಣ ಸೀಸೆಯನ್ನೇ ತನ್ನಿ.

ಮೂರನೇ ತೇಪೆ

ಆ ಗೇಣಿನ ಎರಡೂ ತುದಿಯಲ್ಲಿ ಇನ್ನೆರಡು ಬೆರಳಗಲ ಬಿಸಿಮಾಡಿ ಬಿಚ್ಚಿಕೊಳ್ಳಿ, ಗಟ್ಟಿ ಜಾಗ ಸಿಗುವವರೆಗೆ. ಮೊದಲು ಗೀಟು ಎಳೆಯಿರಿ.